ಹೆಸರಿಲ್ಲದ ಬೇನೆಯ ಸಾಹಿತ್ಯ

ಯಾವ ಕಾರಣದಿಂದ ಒಂದು ಪುಸ್ತಕವನ್ನು ಕೈಗೆತ್ತಿಕೊಂಡೆವೆಂಬುದನ್ನು ಓದುಗರ ಮುಂದೆ ಹೇಳಿಕೊಳ್ಳುವ ಪದ್ಧತಿ ನಮ್ಮ ವಿಮರ್ಶೆಯಲ್ಲಿ ಇಲ್ಲ. ಕೃತಿ ಮುಖ್ಯ, ಓದಿದವರ ಯೋಗಕ್ಷೇಮದಿಂದ ಯಾರಿಗೆ ಏನಾಗಬೇಕು ಎಂಬುದು ಇದರ ಹಿಂದಿನ ನ್ಯಾಯ. ಇಪ್ಪತ್ತು ವರ್ಷಗಳಿಂದ ನಾನೂ ತರಗತಿಯಲ್ಲಿ ಈ ನ್ಯಾಯವನ್ನೇ ಹೇಳಿಕೊಂಡು ಬಂದವಳು. ಈ ಸಲ ಅದನ್ನು ಕೊಂಚ ಸಡಿಲಿಸಬೇಕಾಗಿದೆ. ಇಲ್ಲಿ ಪ್ರಸ್ತಾಪಿಸಲಿರುವ ಮೂರು ಇಂಗ್ಲಿಷ್ ಪುಸ್ತಕಗಳನ್ನು ನಾನು ಸಾಹಿತ್ಯಾಸಕ್ತಿಯಿಂದ ಓದಿದ್ದಲ್ಲ. ಆಸ್ಪತ್ರೆಗಳ ಪಡಸಾಲೆಯಲ್ಲಿ ಕುಳಿತು, ನನ್ನ ಹೆಸರನ್ನು ಯಾವಾಗ ಕೂಗುತ್ತಾರೋ ಎಂದು ಒಂದು ಕಿವಿಯನ್ನು ಅತ್ತ ಇಟ್ಟುಕೊಂಡು ಓದಿದ್ದು.

ಎರಡು ವರ್ಷದ ಹಿಂದೆ, ಬಿ.ಎ. ತರಗತಿಯಲ್ಲಿ ರನ್ನನ ಗದಾಯುದ್ಧವನ್ನು ಪಾಠ ಮಾಡುತ್ತಿದ್ದಾಗ, ಬಲಗೈಯಲ್ಲಿದ್ದ ಸೀಮೆಸುಣ್ಣ ಕೆಳಗೆ ಬಿತ್ತು. ಬಿದ್ದದ್ದು ನನಗೆ ತಿಳಿಯಲಿಲ್ಲ. ಹಲಗೆಯ ಮೇಲೆ ಅಕ್ಷರ ಮೂಡದಿದ್ದುದನ್ನು ಕಂಡು ತಿಳಿಯಿತು. ಆಮೇಲೊಂದು ದಿನ ಬಲಗಾಲಿನ ಚಪ್ಪಲಿ ರಸ್ತೆಯಲ್ಲಿ ಕಳಚಿ ಉಳಿದು, ನಾನು ಹತ್ತು ಹೆಜ್ಜೆ ಬರಿಗಾಲಲ್ಲಿ ಮುಂದೆ ಹೋಗಿದ್ದೆ. ಹಿಂದಿನಿಂದ ಹೂ ಮಾರುವಾಕೆ ಕೂಗಿ ಕರೆದಳು. ಸ್ನಾನದ ನೀರು ಎಡಗೈಗೆ ಸುಡುತ್ತದೆ, ಬಲಗೈಗೆ ಅದೇ ನೀರು ಉಗುರುಬೆಚ್ಚಗೆ. ಕೆಲವು ವಾರ ಏನೂ ಇರುವುದಿಲ್ಲ. ಹೋಯಿತು ಎಂದುಕೊಳ್ಳುವಷ್ಟರಲ್ಲಿ ಮರಳಿ ಬರುತ್ತದೆ. ಎರಡು ಸಲ ಎಂ.ಆರ್.ಐ. ಆಯಿತು. ನರಗಳಲ್ಲಿ ಸಣ್ಣಗೆ ವಿದ್ಯುತ್ತನ್ನು ಹಾಯಿಸಿ ನೋಡುವ ಪರೀಕ್ಷೆಯೂ ಆಯಿತು. ಬಿ-12 ಕಡಿಮೆಯಿದೆಯೆಂದು ಮೂರು ತಿಂಗಳು ಚುಚ್ಚಿಸಿಕೊಂಡೆ. ಅದು ಸರಿಯಾದ ಪ್ರಮಾಣಕ್ಕೆ ಬಂತು, ಕೈ ಬರಲಿಲ್ಲ. ಒಬ್ಬರು ಕುತ್ತಿಗೆಗೆ ಪಟ್ಟಿ ಕೊಟ್ಟರು, ಮತ್ತೊಬ್ಬರು ಅದನ್ನು ತೆಗೆಸಿದರು. "ಎಲ್ಲಾ ನಾರ್ಮಲ್ ಇದೆಯಮ್ಮ, ಸಂತೋಷಪಡಿ" ಎಂದರು. ಸಂತೋಷಪಡಲು ನಾನು ಪ್ರಾಮಾಣಿಕವಾಗಿ ಪ್ರಯತ್ನಿಸಿದೆ. ಮನೆಯಲ್ಲಿ ನಮ್ಮ ಅತ್ತೆಯವರು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ದೃಷ್ಟಿಯಾಗಿದ್ದರೆ ಘಾಟು ಬರುವುದಿಲ್ಲ ಎಂಬುದು ಅವರ ಶಾಸ್ತ್ರ. ಮನೆಮಂದಿಯೆಲ್ಲ ಕೆಮ್ಮಿದೆವು. ಆ ಪರೀಕ್ಷೆಯೂ ನಾರ್ಮಲ್ ಎಂದಾಯಿತು.

ಸ್ವಂತ ವಿಷಯ ಇಷ್ಟು ಸಾಕು. ಬೇಕಾದಾಗ ಮತ್ತೆ ಬರುತ್ತದೆ. ಅದಕ್ಕೆ ಕರೆಯೋಲೆ ಬೇಡ.

ನಮ್ಮ ಹಳೆಯ ಸಾಹಿತ್ಯವನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ತಿರುವಿಹಾಕಿದಾಗ ಒಂದು ಸಂಗತಿ ನನ್ನ ಗಮನಕ್ಕೆ ಬಂತು. ಅಲ್ಲಿ ರೋಗಗಳಿಗೇನೂ ಕೊರತೆಯಿಲ್ಲ, ಆದರೆ ಕಾರಣವಿಲ್ಲದ ರೋಗ ಒಂದೂ ನನ್ನ ನೆನಪಿಗೆ ಬರಲಿಲ್ಲ. ಚಂದ್ರನಿಗೆ ಕ್ಷಯ ಬಂದದ್ದು ದಕ್ಷನ ಶಾಪದಿಂದ. ರೋಹಿಣಿಯ ಮೇಲಿನ ಪಕ್ಷಪಾತ ಅದಕ್ಕೆ ಮೂಲ. ಸಾಂಬನ ಕುಷ್ಠಕ್ಕೆ ಕೃಷ್ಣನ ಶಾಪ ಕಾರಣ, ಸೂರ್ಯಾರಾಧನೆ ಪರಿಹಾರ. ವಡ್ಡಾರಾಧನೆಯ ಸನತ್ಕುಮಾರ ಚಕ್ರವರ್ತಿಯ ಕಥೆಯಲ್ಲಿ ದೇವತೆಗಳೇ ವೈದ್ಯರ ವೇಷ ತಳೆದು ಬಂದು ವಾಸಿಮಾಡುತ್ತೇವೆನ್ನುತ್ತಾರೆ. ಮುನಿಯಾದ ಚಕ್ರವರ್ತಿಗೆ ಅವರ ಔಷಧ ಬೇಡ, ಏಕೆಂದರೆ ತನ್ನ ರೋಗದ ಬೇರು ಕರ್ಮದಲ್ಲಿದೆಯೆಂದು ಆತನಿಗೆ ಆಗಲೇ ಗೊತ್ತು. ಆ ಕಥೆಯನ್ನು ನಾನು ಎಷ್ಟೋ ಸಲ ಪಾಠ ಮಾಡಿದ್ದೇನೆ. ಪ್ರತಿಸಲವೂ ವೈರಾಗ್ಯದ ವಿಷಯವನ್ನೇ ಒತ್ತಿ ಹೇಳುತ್ತಿದ್ದೆ. ಈ ವರ್ಷ ಅದನ್ನು ಹೇಳುವಾಗ, ಕಾರಣ ಗೊತ್ತಿರುವವನಿಗೆ ವೈರಾಗ್ಯ ಎಷ್ಟು ಸುಲಭ ಎಂಬ ಅಸೂಯೆಯೊಂದು ಮನಸ್ಸಿನಲ್ಲಿ ಸುಳಿದುಹೋಯಿತು. ವೈದ್ಯಶಾಸ್ತ್ರ ಗ್ರಂಥಗಳೂ ನಮ್ಮಲ್ಲಿ ಉಂಟು: ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕ, ೧೪ನೆಯ ಶತಮಾನದ ಮಂಗರಾಜನ ಖಗೇಂದ್ರಮಣಿದರ್ಪಣ. ವಿಷಚಿಕಿತ್ಸೆಯನ್ನು ಚಂಪುವಿನಲ್ಲಿ ಬರೆದ ಮಂಗರಾಜನ ಧೈರ್ಯ ಸಾಮಾನ್ಯವಾದದ್ದಲ್ಲ. ಆದರೆ ಇವೆಲ್ಲ ಮಂಚದ ಪಕ್ಕದಲ್ಲಿ ನಿಂತವರು ಬರೆದವು. ಮಂಚದ ಮೇಲಿದ್ದವರು ಬರೆದದ್ದಲ್ಲ.

ಮಂಚದ ಮೇಲಿದ್ದವರು ಬರೆಯುವುದಕ್ಕೆ ಭಾಷೆಯೇ ಒದಗುವುದಿಲ್ಲವೆಂದು ವರ್ಜೀನಿಯಾ ವೂಲ್ಫ್ ದೂರಿದಳು. ೧೯೨೬ರಲ್ಲಿ ಟಿ. ಎಸ್. ಎಲಿಯಟ್ ಸಂಪಾದಿಸುತ್ತಿದ್ದ ಪತ್ರಿಕೆಯಲ್ಲಿ ಪ್ರಕಟವಾದ 'ಆನ್ ಬೀಯಿಂಗ್ ಇಲ್' ಎಂಬ ಪ್ರಬಂಧ ಅದು. ಹ್ಯಾಮ್ಲೆಟನ ಚಿಂತನೆಗೂ ಲಿಯರನ ದುರಂತಕ್ಕೂ ಮಾತು ಕೊಟ್ಟ ಇಂಗ್ಲಿಷ್ ಭಾಷೆ ಒಂದು ತಲೆನೋವಿನ ಮುಂದೆ, ಒಂದು ಚಳಿಯ ನಡುಕದ ಮುಂದೆ ಮೂಕವಾಗುತ್ತದೆ ಎಂಬುದು ಆಕೆಯ ವಾದ. ಈ ಮಾತನ್ನು ಬಹಳ ಜನ ಎಲ್ಲ ಭಾಷೆಗಳಿಗೂ ಹೊಂದುವ ಸತ್ಯವೆಂಬಂತೆ ಉದ್ಧರಿಸುವುದನ್ನು ಕಂಡಿದ್ದೇನೆ. ಕನ್ನಡದ ಮಟ್ಟಿಗೆ ಇದು ಒಪ್ಪತಕ್ಕ ಮಾತಲ್ಲ. ನಮ್ಮ ಭಾಷೆಯಲ್ಲಿ ಕೈ ಜುಮುಜುಮು ಎನ್ನುತ್ತದೆ, ಜೋಮು ಹಿಡಿಯುತ್ತದೆ, ಮರಗಟ್ಟುತ್ತದೆ, ಸೆಟೆಯುತ್ತದೆ, ಅದುರುತ್ತದೆ. ನರ ಚುಳ್ಳೆನ್ನುತ್ತದೆ. ಚರ್ಮದ ಒಳಗೆ ಇರುವೆ ಹರಿದಂತಾಗುತ್ತದೆ. ಕಾಲು ಹತ್ತಿಯ ಮೇಲೆ ಇಟ್ಟಂತಾಗುತ್ತದೆ. ಜೋಮು ಬೇರೆ, ಮರಗಟ್ಟುವುದು ಬೇರೆ: ಜೋಮು ಹಿಡಿದ ಕಾಲು ಇನ್ನೂ ನನ್ನದು, ಕೊಡವಿದರೆ ಬಿಡುತ್ತದೆ, ಮರಗಟ್ಟಿದ್ದು ಮರವೇ. ಈ ಸೂಕ್ಷ್ಮವನ್ನು ಎಂ.ಎ. ಓದಿದವರಿಗೆ ಹೇಳಿಕೊಡಬೇಕಾಗಿಲ್ಲ, ನಮ್ಮ ಮನೆಯ ಪಾತ್ರೆ ತೊಳೆಯುವಾಕೆಗೂ ಗೊತ್ತು. ಕೇಶಿರಾಜ ಇಂಥ ಅನುಕರಣ ಶಬ್ದಗಳನ್ನು ಅವ್ಯಯಗಳ ಸಾಲಿನಲ್ಲಿ ಕೂರಿಸಿದ. ಲಿಂಗವಿಲ್ಲ, ವಚನವಿಲ್ಲ, ವಿಭಕ್ತಿಯಿಲ್ಲ. ವ್ಯಾಕರಣದಲ್ಲಿ ಅವಕ್ಕೆ ದಕ್ಕಿದ ಮೂಲೆ ಸಣ್ಣದು. ಮೈ ಮಾತಾಡತೊಡಗಿದರೆ ಮೊದಲು ಬರುವುದು ಅವೇ.

ತೊಂದರೆ ಇರುವುದು ಬೇರೆ ಕಡೆ. ನಾನು ಹೇಳಿದ ಜುಮುಜುಮು, ಚುಳಕು, ಮರಗಟ್ಟಿದ್ದು, ಇರುವೆ ಹರಿದದ್ದು ಇಷ್ಟನ್ನೂ ಕೇಳಿಕೊಂಡ ವೈದ್ಯರು ಕಾಗದದ ಮೇಲೆ ಬರೆದದ್ದು ಒಂದೇ ಇಂಗ್ಲಿಷ್ ಪದ: 'ನಂಬ್‌ನೆಸ್'. ಅವರದು ತಪ್ಪೆಂದು ಹೇಳಲಾರೆ. ಹೊರಗೆ ಅರವತ್ತು ಜನ ಕುಳಿತಿದ್ದರು. ಆದರೆ ನಾಲ್ಕು ಬೇರೆ ಬೇರೆ ಅನುಭವಗಳು ಒಂದು ಪದದೊಳಗೆ ಬಿದ್ದು ಸತ್ತುಹೋದದ್ದನ್ನು ಭಾಷೆ ಕಲಿಸುವವಳಾಗಿ ನಾನು ಕಣ್ಣಾರೆ ಕಂಡೆ. ಇನ್ನು 'ನರ' ಎಂಬ ನಮ್ಮ ಪದದ ಪಾಡು ಕೇಳಲೇಬೇಡಿ. ಕೈಯ ಮೇಲೆ ಹಸುರಾಗಿ ಉಬ್ಬಿ ಕಾಣುವ ರಕ್ತನಾಳವೂ ನರ, ಹಿಂಗಾಲಿನ ಸ್ನಾಯುವೂ ನರ, ಮಿದುಳಿನಿಂದ ಹೊರಟ ತಂತುವೂ ನರ. 'ನರದೌರ್ಬಲ್ಯ' ಎಂಬ ಒಳ್ಳೆಯ ಪದವೊಂದಿತ್ತು. ಬಸ್ ನಿಲ್ದಾಣದ ಗೋಡೆಗಳ ಮೇಲಿನ ಜಾಹೀರಾತುಗಳು ಅದನ್ನು ಯಾವ ಅರ್ಥಕ್ಕೆ ಇಳಿಸಿಬಿಟ್ಟಿವೆಯೆಂದರೆ, ಸಹೋದ್ಯೋಗಿಗಳ ಮುಂದೆ ಒಬ್ಬ ಹೆಂಗಸು ಅದನ್ನು ಉಚ್ಚರಿಸುವಂತಿಲ್ಲ.

ಈಗ ಪುಸ್ತಕಗಳಿಗೆ ಬರೋಣ. ಮೊದಲನೆಯದು ಸುಸಾನಾ ಕ್ಯಾಹಲನ್ ೨೦೧೨ರಲ್ಲಿ ಪ್ರಕಟಿಸಿದ 'ಬ್ರೇನ್ ಆನ್ ಫೈರ್'. ಇದನ್ನು ನನಗೆ ತಂದುಕೊಟ್ಟವಳು ನನ್ನ ಅಣ್ಣನ ಮಗಳು. "ಓದಿ ಅತ್ತೆ, ನಿಮಗೂ ಒಬ್ಬ ಡಾಕ್ಟರ್ ನಜ್ಜಾರ್ ಸಿಕ್ಕೇ ಸಿಗ್ತಾರೆ" ಎಂದಳು. ಲೇಖಕಿ ನ್ಯೂಯಾರ್ಕಿನ ದಿನಪತ್ರಿಕೆಯೊಂದರ ವರದಿಗಾರ್ತಿ. ೨೦೦೯ರಲ್ಲಿ, ಇಪ್ಪತ್ತನಾಲ್ಕರ ಹರೆಯದಲ್ಲಿ, ತಿಗಣೆ ಕಚ್ಚಿತೆಂಬ ಭ್ರಮೆಯಿಂದ ಮೊದಲಾಗಿ, ಎಡಗೈ ಮರಗಟ್ಟಿ, ಸೆಳವು ಬಂದು, ತಂದೆಯನ್ನೂ ನಂಬಲಾರದ ಸ್ಥಿತಿಗೆ ಆಕೆ ಬರುತ್ತಾಳೆ. ಒಬ್ಬ ನರರೋಗತಜ್ಞರು ಕುಡಿತ ಹೆಚ್ಚಾಯಿತೆಂದು ತೀರ್ಮಾನಿಸುತ್ತಾರೆ. ಒಂದು ತಿಂಗಳ ಆಸ್ಪತ್ರೆವಾಸದ ಕೊನೆಗೆ ಸೊಹೇಲ್ ನಜ್ಜಾರ್ ಎಂಬ ವೈದ್ಯರು ಬಂದು, ಲಕ್ಷಾಂತರದ ಯಂತ್ರಗಳನ್ನು ಬದಿಗಿಟ್ಟು, ಒಂದು ಹಾಳೆ ಕೊಟ್ಟು ಗಡಿಯಾರದ ಚಿತ್ರ ಬರೆಯಲು ಹೇಳುತ್ತಾರೆ. ಆಕೆ ವೃತ್ತ ಬರೆದು ಒಂದರಿಂದ ಹನ್ನೆರಡರವರೆಗಿನ ಅಂಕಿಗಳನ್ನೆಲ್ಲ ಬಲಬದಿಯ ಅರ್ಧದಲ್ಲೇ ತುರುಕುತ್ತಾಳೆ. ಎಡಬದಿ ಖಾಲಿ. ಮಿದುಳಿನ ಬಲಭಾಗ ಉರಿಯುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ. ಶರೀರದ ರಕ್ಷಕ ಪಡೆಯೇ ಮಿದುಳಿನ ಗ್ರಾಹಕಗಳ ಮೇಲೆ ತಿರುಗಿಬಿದ್ದ ಈ ಕಾಯಿಲೆಯನ್ನು ಜೋಸೆಫ್ ಡಾಲ್ಮೌ ಎಂಬವರು ಗುರುತಿಸಿ ಹೆಸರಿಟ್ಟದ್ದು ೨೦೦೭ರಲ್ಲಿ. ಆಕೆ ಆ ಹೆಸರು ಪಡೆದ ೨೧೭ನೆಯ ರೋಗಿ.

ಆ ಗಡಿಯಾರದ ಪ್ರಸಂಗ ಯಾವ ಕಾದಂಬರಿಕಾರನೂ ಅಸೂಯೆಪಡತಕ್ಕದ್ದು. ಮತ್ತೊಂದು ಗುಣವನ್ನೂ ಒಪ್ಪಬೇಕು. ಆ ತಿಂಗಳಿನ ನೆನಪು ಲೇಖಕಿಗೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಆಸ್ಪತ್ರೆಯ ವಿಡಿಯೋಗಳು, ವೈದ್ಯರ ಟಿಪ್ಪಣಿಗಳು, ತಂದೆ ಬರೆದಿಟ್ಟ ದಿನಚರಿ ಇವುಗಳಿಂದ ತನ್ನನ್ನೇ ಒಬ್ಬ ಅಪರಿಚಿತೆಯಂತೆ ವರದಿಮಾಡಬೇಕಾಗುತ್ತದೆ. ಕಳೆದುಹೋದವಳನ್ನು ಹುಡುಕುವ ಪತ್ತೇದಾರಳೂ ತಾನೇ, ಕಳೆದುಹೋದವಳೂ ತಾನೇ. ಈ ವಿಚಿತ್ರವನ್ನು ಆಕೆ ಅತಿರಂಜಿಸದೆ ನಿಭಾಯಿಸಿದ್ದಾಳೆ.

ಆದರೆ ಪುಸ್ತಕದ ಬಂಧ ಪತ್ತೇದಾರಿ ಕಾದಂಬರಿಯದು, ಅದರ ದೋಷವೂ ಪತ್ತೇದಾರಿ ಕಾದಂಬರಿಯದೇ. ಕೊನೆಯಲ್ಲಿ ಹೆಸರು ಸಿಗುತ್ತದೆಂದು ಓದುಗನಿಗೆ ರಕ್ಷಾಪುಟದಿಂದಲೇ ಗೊತ್ತು. ಆದ್ದರಿಂದ ನಡುವಿನ ಯಾತನೆಯೆಲ್ಲ ಸುಳಿವುಗಳಾಗಿ ಮಾರ್ಪಡುತ್ತದೆ. ಬೇನೆ ಬೇನೆಯಾಗಿ ಉಳಿಯದೆ ಮುಂದಿನ ಅಧ್ಯಾಯದ ಸಿದ್ಧತೆಯಾಗುತ್ತದೆ. ಹೆಸರು ಸಿಕ್ಕಿದ ಕ್ಷಣದಿಂದ ಹಿಂದಿನದೆಲ್ಲ ಬೆಳಗಿಬಿಡುತ್ತದೆ: ಯಾರು ಜಾಣ, ಯಾರು ದಡ್ಡ, ಯಾವ ಮಾತು ನಿಜ, ಯಾವುದು ಭ್ರಮೆ. ಲೇಖಕಿಗೂ ಇದರ ಅಳುಕು ಇದೆ. ಕೆಲವೇ ವರ್ಷ ಮೊದಲು ಕಾಯಿಲೆ ಬಿದ್ದಿದ್ದರೆ ತನ್ನ ಗತಿ ಏನಾಗುತ್ತಿತ್ತು, ಇದೇ ರೋಗವಿದ್ದು ಹುಚ್ಚಾಸ್ಪತ್ರೆಗಳಲ್ಲಿ ಕಳೆದುಹೋದವರು ಎಷ್ಟೋ ಎಂದು ಕೇಳಿಕೊಳ್ಳುತ್ತಾಳೆ. ಪುಸ್ತಕದ ಆಳವಾದ ಪುಟಗಳು ಅವು. ಆದರೆ ಪುಸ್ತಕದ ವೇಗ ಅವುಗಳ ಮೇಲೆ ನಿಲ್ಲಗೊಡುವುದಿಲ್ಲ. ಅಣ್ಣನ ಮಗಳಿಗೆ ಪುಸ್ತಕವನ್ನು ಹಿಂತಿರುಗಿಸುವಾಗ ಚೆನ್ನಾಗಿದೆ ಎಂದೆ. ಅದು ಓದುಗಳಾಗಿ ಹೇಳಿದ ಮಾತು. ರೋಗಿಯಾಗಿ ಹೇಳುವುದಾದರೆ, ಆ ರಾತ್ರಿ ನಾನೂ ಒಂದು ಗಡಿಯಾರ ಬರೆದು ನೋಡಿದೆ. ಅಂಕಿಗಳೆಲ್ಲ ತಮ್ಮ ತಮ್ಮ ಜಾಗದಲ್ಲೇ ಇದ್ದವು. ಬರೆದ ಕೈ ಮಾತ್ರ ಪೆನ್ನು ಹಿಡಿದಿದೆಯೆಂಬುದನ್ನು ಕಣ್ಣಿನಿಂದ ತಿಳಿಯಬೇಕಾಯಿತು.

ಸಿರಿ ಹುಸ್ಟ್ವೆಟ್ (ಹೆಸರು ಕೇಳಿ ನಮ್ಮ ಕಡೆಯವಳೆಂದು ತಿಳಿಯಬಾರದು, ನಾರ್ವೆ ಮೂಲದ ಅಮೆರಿಕನ್ ಕಾದಂಬರಿಕಾರ್ತಿ) ೨೦೧೦ರಲ್ಲಿ ಪ್ರಕಟಿಸಿದ 'ದಿ ಶೇಕಿಂಗ್ ವುಮನ್' ಇದಕ್ಕೆ ತೀರ ವಿರುದ್ಧವಾದ ಪುಸ್ತಕ. ಆಕೆಯ ತಂದೆ ಮಿನೆಸೋಟಾದ ಸೇಂಟ್ ಓಲಾಫ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದವರು. ಅವರು ತೀರಿಕೊಂಡು ಎರಡೂವರೆ ವರ್ಷವಾದ ಮೇಲೆ, ಅದೇ ಕಾಲೇಜಿನ ಆವರಣದಲ್ಲಿ, ಅವರ ನೆನಪಿನಲ್ಲಿ ಒಂದು ಗಿಡ ನೆಡುವ ಸಮಾರಂಭದಲ್ಲಿ ಮಗಳು ಮಾತಾಡಲು ನಿಲ್ಲುತ್ತಾಳೆ. ಬಾಯಿ ತೆರೆದೊಡನೆ ಕುತ್ತಿಗೆಯಿಂದ ಕೆಳಗೆ ಇಡೀ ಮೈ ಗಡಗಡನೆ ನಡುಗತೊಡಗುತ್ತದೆ. ಸ್ವರ ಮಾತ್ರ ನಡುಗುವುದಿಲ್ಲ. ಭಾಷಣ ಮುಗಿಯುತ್ತದೆ, ನಡುಕವೂ ನಿಲ್ಲುತ್ತದೆ. ಅಲ್ಲಿಂದ ಮುಂದೆ ಆಕೆ ಈ ನಡುಗುವ ಹೆಂಗಸು ಯಾರೆಂದು ಕೇಳುತ್ತ ನರವಿಜ್ಞಾನ, ಮನೋವಿಶ್ಲೇಷಣೆ, ತತ್ತ್ವಶಾಸ್ತ್ರಗಳ ಬಾಗಿಲು ತಟ್ಟುತ್ತಾಳೆ. ಔಷಧದಿಂದ ನಡುಕ ಹತೋಟಿಗೆ ಬರುತ್ತದೆ. ಉತ್ತರ ಮಾತ್ರ ಸಿಗುವುದಿಲ್ಲ.

ಈ ಪುಸ್ತಕದ ನಡುವೆ ಬರುವ ವ್ಯಕ್ತಿ ಪ್ಯಾರಿಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯ ಶಾರ್ಕೊ. ಆತನ ವಿಷಯ ಇಲ್ಲಿ ಎರಡು ಮಾತು ಹೇಳಬೇಕು, ಮುಂದೆ ನಾನು ಹೇಳಲಿರುವ ಮೂರನೆಯ ಪುಸ್ತಕಕ್ಕೂ ಅವನೇ ಕೊಂಡಿ. ರೋಗಿ ಬದುಕಿರುವಾಗ ಲಕ್ಷಣಗಳನ್ನು ಗುರುತುಹಾಕಿಕೊಂಡು, ಸತ್ತ ಮೇಲೆ ಮಿದುಳು ಬೆನ್ನುಹುರಿಗಳನ್ನು ಕೊಯ್ದು ನೋಡಿ ಎರಡನ್ನೂ ತಾಳೆಹಾಕುವುದು ಆತನ ಕ್ರಮ. ೧೮೬೮ರಲ್ಲಿ ಈ ಕ್ರಮದಿಂದಲೇ ಆತ ಮಲ್ಟಿಪಲ್ ಸ್ಕ್ಲಿರೋಸಿಸ್ ಎಂಬ ರೋಗಕ್ಕೆ ಸ್ಪಷ್ಟವಾದ ರೂಪ ಕೊಟ್ಟ. ಕೊಯ್ದಾಗ ಗಟ್ಟಿಗೊಂಡ ಕಲೆಗಳು ಕಣ್ಣಿಗೆ ಕಂಡವು. ಹಿಸ್ಟೀರಿಯಾ ಎಂದು ಕರೆಯುತ್ತಿದ್ದ ಹೆಂಗಸರಲ್ಲಿ ಮಾತ್ರ ಎಷ್ಟು ಹುಡುಕಿದರೂ ಏನೂ ಕಾಣಲಿಲ್ಲ. ಆದರೂ ಅದು ನಟನೆಯಲ್ಲ, ಕಾಣದಂಥ ಗಾಯವೊಂದು ಇರಲೇಬೇಕು ಎಂದು ಆತ ನಂಬಿದ್ದ. ಹಿಸ್ಟೀರಿಯಾ ಎಂಬ ಪದದ ಮೂಲ ಗ್ರೀಕಿನಲ್ಲಿ ಗರ್ಭಕೋಶ. ಇಂದಿನ ವೈದ್ಯರು ಆ ಪದವನ್ನು ಬಿಟ್ಟಿದ್ದಾರೆ. ನರಮಂಡಲದ ರಚನೆಯಲ್ಲಿ ಅಲ್ಲ, ವರ್ತನೆಯಲ್ಲಿ ತೊಡಕು ಎಂಬರ್ಥದ 'ಫಂಕ್ಷನಲ್' ಎಂಬ ಪದ ಬಳಸುತ್ತಾರೆ. ಏನೂ ಸಿಗಲಿಲ್ಲವಾದ್ದರಿಂದ ಇದು ಅದೇ ಎಂದು ತಳ್ಳಿಹಾಕದೆ, ೧೯೦೮ರಲ್ಲಿ ಹೂವರ್ ಎಂಬಾತ ತೋರಿಸಿಕೊಟ್ಟ ಕಾಲಿನ ಪರೀಕ್ಷೆಯಂಥ ಖಚಿತ ಗುರುತುಗಳಿಂದ ಅದನ್ನು ಕಂಡುಹಿಡಿಯಬೇಕೆಂದು ಒಳ್ಳೆಯ ವೈದ್ಯರು ಹೇಳುತ್ತಾರೆ. ನನಗೂ ಆ ಪರೀಕ್ಷೆ ಮಾಡಿದರು. ಮಲಗಿಸಿ, ಎಡಗಾಲನ್ನು ಎತ್ತಲು ಹೇಳಿ, ಬಲ ಹಿಮ್ಮಡಿಯ ಕೆಳಗೆ ಕೈ ಇಟ್ಟರು. ಅದೂ ಅಲ್ಲವಂತೆ.

ಹುಸ್ಟ್ವೆಟ್ ಈ ಇತಿಹಾಸವನ್ನೆಲ್ಲ ಬಲ್ಲವಳು. ಶಾರ್ಕೊ, ಅವನ ಬಳಿ ೧೮೮೫ರಲ್ಲಿ ಕಲಿಯಲು ಬಂದ ಫ್ರಾಯ್ಡ್, ಜಾನೆ ಇವರೆಲ್ಲ ಆಕೆಯ ಪುಟಗಳಲ್ಲಿ ಮನೆಯವರಂತೆ ಓಡಾಡುತ್ತಾರೆ. ಮನಸ್ಸೋ ಮೈಯೋ ಎಂಬ ಪ್ರಶ್ನೆಯೇ ತಪ್ಪು ಪ್ರಶ್ನೆಯೆಂದು ಆಕೆ ತೋರಿಸುವ ಬಗೆ ಮನವರಿಕೆಯಾಗುವಂಥದು. ಕೊನೆಗೆ ನಡುಗುವ ಆ ಹೆಂಗಸನ್ನು ಬೇರೆಯವಳೆಂದು ಹೊರಗಿಡದೆ ತಾನೇ ಅವಳೆಂದು ಒಪ್ಪಿಕೊಳ್ಳುವಲ್ಲಿ ಪುಸ್ತಕ ನಿಲ್ಲುತ್ತದೆ. ಸಿಗದ ಹೆಸರನ್ನು ಸಿಕ್ಕಿತೆಂದು ಹೇಳದ ಈ ಪ್ರಾಮಾಣಿಕತೆಗೆ ನಾನು ತಲೆಬಾಗುತ್ತೇನೆ. ಆದರೂ ಓದುತ್ತ ಓದುತ್ತ ನನ್ನಲ್ಲಿ ಒಂದು ಅತೃಪ್ತಿ ಬೆಳೆಯಿತು. ನಡುಗಿದ ಮೈ ಎಲ್ಲಿ ಹೋಯಿತು? ಮೊದಲ ಪುಟಗಳಲ್ಲಿ ಕಂಡ ಆ ಮೊಣಕಾಲು, ಆ ತೋಳುಗಳು ಗ್ರಂಥಾಲಯದ ಕಪಾಟುಗಳ ಹಿಂದೆ ಮರೆಯಾಗಿಬಿಡುತ್ತವೆ. ಪಂಡಿತರ ಮನೆಯಲ್ಲಿ ಕಾಯಿಲೆ ಬಿದ್ದರೆ ಹೀಗಾಗುತ್ತದೆ: ಕಷಾಯಕ್ಕಿಂತ ಮೊದಲು ಶ್ಲೋಕ ಬರುತ್ತದೆ. ನಾನೂ ಅದೇ ಜಾತಿಗೆ ಸೇರಿದವಳಾದ್ದರಿಂದ ಈ ಮಾತು ಆಡುವ ಅಧಿಕಾರ ನನಗಿದೆ. ಈ ಲೇಖನದಲ್ಲೇ ಕೇಶಿರಾಜನನ್ನು ಎಳೆದು ತಂದವಳು ನಾನು. ಬಸ್ಸಿನ ಮೆಟ್ಟಿಲು ಹತ್ತುವಾಗಿನ ಹೆದರಿಕೆ, ಆಸ್ಪತ್ರೆಯ ಖರ್ಚು, ರಜೆ ಅರ್ಜಿಯ 'ಕಾರಣ' ಎಂಬ ಖಾಲಿ ಜಾಗದಲ್ಲಿ ಏನು ಬರೆಯಬೇಕೆಂಬ ಗೊಂದಲ, ಇವು ಯಾವುವೂ ಆಕೆಯ ಪುಸ್ತಕದಲ್ಲಿ ಭಾರವಾಗಿ ಬರುವುದಿಲ್ಲ. ನನಗೆ ಈ ಎರಡು ವರ್ಷಗಳಲ್ಲಿ ಎಲ್ಲಕ್ಕಿಂತ ಕಠಿಣವಾದ ಬರಹವೆಂದರೆ ಆ ಖಾಲಿ ಜಾಗವೇ. ಮೊದಮೊದಲು 'ಅನಾರೋಗ್ಯ' ಎಂದು ಬರೆದೆ. ಯಾವ ಅನಾರೋಗ್ಯ ಎಂದು ಕಚೇರಿಯಿಂದ ಚೀಟಿ ಬಂತು.

ಮೂರನೆಯದು ಈ ಎರಡಕ್ಕಿಂತಲೂ ಹಳೆಯದು, ನನ್ನ ಎಣಿಕೆಯಲ್ಲಿ ಎರಡಕ್ಕಿಂತಲೂ ದೊಡ್ಡದು. 'ದಿ ಜರ್ನಲ್ ಆಫ್ ಎ ಡಿಸಪಾಯಿಂಟೆಡ್ ಮ್ಯಾನ್', ಎಂದರೆ ಆಸೆಗೆಟ್ಟವನೊಬ್ಬನ ದಿನಚರಿ, ೧೯೧೯ರಲ್ಲಿ ಎಚ್. ಜಿ. ವೆಲ್ಸನ ಮುನ್ನುಡಿಯೊಡನೆ ಹೊರಬಂತು. ಬರೆದವನು ಡಬ್ಲ್ಯು. ಎನ್. ಪಿ. ಬಾರ್ಬೆಲಿಯನ್. ಇದು ಕಳ್ಳಹೆಸರು, ನಿಜವಾದ ಹೆಸರು ಬ್ರೂಸ್ ಫ್ರೆಡರಿಕ್ ಕಮಿಂಗ್ಸ್. ಆ ಮೂರು ಇನಿಷಿಯಲ್ಲುಗಳು ವಿಲ್ಹೆಲ್ಮ್, ನೀರೊ, ಪೈಲೆಟ್ ಎಂಬ ಮೂವರು ಅಪಖ್ಯಾತರದು. ಕೆಲವರು ಪುಸ್ತಕವನ್ನು ವೆಲ್ಸನೇ ಬರೆದಿರಬೇಕೆಂದು ಗುಮಾನಿಪಟ್ಟರು. ೧೮೮೯ರಲ್ಲಿ ಡೆವನ್ ಪ್ರಾಂತ್ಯದ ಬಾರ್ನ್‌ಸ್ಟೇಪಲ್‌ನಲ್ಲಿ ಹುಟ್ಟಿದ ಈ ಹುಡುಗ ಹದಿಮೂರನೆಯ ವಯಸ್ಸಿಗೆ ದಿನಚರಿ ಬರೆಯತೊಡಗಿದ. ಮೊದಲ ವರ್ಷಗಳಲ್ಲಿ ಹಕ್ಕಿಗೂಡು, ಹುಳುಹುಪ್ಪಟೆ, ಕೊಯ್ದು ನೋಡಿದ ಪ್ರಾಣಿಗಳು. ಕಾಲೇಜು ಮೆಟ್ಟಿಲು ಹತ್ತದೆ, ಸ್ವಂತ ಓದಿನಿಂದಲೇ ೧೯೧೨ರಲ್ಲಿ ಲಂಡನ್ನಿನ ಪ್ರಾಕೃತಿಕ ಇತಿಹಾಸದ ವಸ್ತುಸಂಗ್ರಹಾಲಯದಲ್ಲಿ ಕೀಟಶಾಸ್ತ್ರದ ವಿಭಾಗದ ಕೆಲಸ ಗಿಟ್ಟಿಸಿದ. ಅಷ್ಟರಲ್ಲಿ ಮೈ ಕೈಕೊಡಲು ಆರಂಭಿಸಿತ್ತು. ಎದೆಬಡಿತ, ಜೀರ್ಣದ ತೊಂದರೆ, ಕೈಕಾಲುಗಳ ಮರವು, ಕಣ್ಣಿನ ಮಬ್ಬು. ಒಬ್ಬರಾದ ಮೇಲೆ ಒಬ್ಬರು ವೈದ್ಯರು. ಪ್ರಾಣಿಗಳನ್ನು ಕೊಯ್ದು ವರ್ಣಿಸಿ ಪಳಗಿದ ಕೈಯೇ ತನ್ನ ಮೇಲೆ ತಿರುಗುತ್ತದೆ. ಹುಳುವನ್ನು ನೋಡುವ ಕಣ್ಣಿನಿಂದಲೇ ತನ್ನನ್ನು, ತನ್ನ ಹೆದರಿಕೆಯನ್ನು, ಹೆದರಿಕೆಯ ಬಗ್ಗೆ ತನಗಿರುವ ಹೆಮ್ಮೆಯನ್ನು ಕೂಡ ನೋಡುತ್ತಾನೆ. ಓದುಗರಲ್ಲಿ ಕೆಲವರಿಗೆ ಈತನ ಅಹಂಕಾರ ಸಹಿಸಲಾಗದು. ನನಗೂ ನಡುನಡುವೆ ಪುಸ್ತಕ ಮುಚ್ಚಿಡುವಂತಾಯಿತು. ಆದರೆ ಮರುಕ ಬೇಡುವವರ ಬರಹಕ್ಕೂ ಇದಕ್ಕೂ ಬಹಳ ದೂರ.

ಈಗ ಆ ಪುಸ್ತಕದ ಕೇಂದ್ರಕ್ಕೆ ಬರುತ್ತೇನೆ. ೧೯೧೫ರ ನವೆಂಬರ್, ಯುದ್ಧಕಾಲ. ಸೈನ್ಯಕ್ಕೆ ಸೇರುವ ತಪಾಸಣೆಗೆ ಹೋಗುವಾಗ ಆತನ ವೈದ್ಯರು ಸೈನ್ಯದ ವೈದ್ಯಾಧಿಕಾರಿಗೆಂದು ಒಂದು ಅಂಟಿಸಿದ ಲಕೋಟೆ ಕೊಟ್ಟಿರುತ್ತಾರೆ. ಅಲ್ಲಿ ಎದೆಯ ಬಡಿತ ಕೇಳಿದೊಡನೆಯೇ ಅಯೋಗ್ಯನೆಂದು ಕಳುಹಿಸಿಬಿಡುತ್ತಾರೆ. ಲಕೋಟೆ ಬೇಕಾಗುವುದೇ ಇಲ್ಲ. ಹಿಂತಿರುಗುವಾಗ ರೈಲಿನಲ್ಲಿ ಆತ ಅದನ್ನು ಒಡೆದು ಓದುತ್ತಾನೆ. ಶಾರ್ಕೊ ವರ್ಣಿಸಿದ ಆ ರೋಗದ ಹೆಸರು ಅದರಲ್ಲಿದೆ. ಆಗ ಅದಕ್ಕೆ ಮದ್ದಿರಲಿಲ್ಲ. ಮದುವೆಯಾಗಿ ಆಗಿನ್ನೂ ಎರಡು ತಿಂಗಳು. ಹೆಂಡತಿಗೆ ಹೇಗೆ ಹೇಳಲಿ, ಮುಚ್ಚಿಡಲೇ ಎಂದು ಆತ ಒಳಗೊಳಗೇ ಬೇಯುತ್ತಾನೆ. ಬಹಳ ಕಾಲವಾದ ಮೇಲೆ ತಿಳಿಯುವುದೇನೆಂದರೆ, ಮದುವೆಗೆ ಮೊದಲೇ ಆಕೆಗೆ ಎಲ್ಲವನ್ನೂ ಹೇಳಲಾಗಿತ್ತು. ತಿಳಿದೂ ಮದುವೆಯಾಗಿದ್ದಳು. ಇಷ್ಟು ದಿನ ಇಬ್ಬರೂ ಒಬ್ಬರಿಂದೊಬ್ಬರು ಅದೇ ಒಂದು ಮಾತನ್ನು ಬಚ್ಚಿಟ್ಟುಕೊಂಡು ಒಂದೇ ಮನೆಯಲ್ಲಿ ಬಾಳಿದ್ದರು.

ನಮ್ಮ 'ಸಂಸ್ಕಾರ' ಕಾದಂಬರಿಯನ್ನು ನೆನೆಯಿರಿ. ೧೯೬೫ರ ಆ ಕೃತಿಯಲ್ಲಿ ಅಗ್ರಹಾರದ ಮನೆಗಳಲ್ಲಿ ಇಲಿಗಳು ಸಾಯುತ್ತವೆ, ಹದ್ದುಗಳು ಬಂದು ಕೂರುತ್ತವೆ. ಅದು ಪ್ಲೇಗೆಂದು ಓದುಗನಿಗೆ ಗೊತ್ತು, ಅಗ್ರಹಾರದವರಿಗೆ ಗೊತ್ತಿಲ್ಲ. ಅವರಿಗೆ ಕಾಣುವುದು ಅಪಶಕುನ. ಅಲ್ಲಿ ಈ ವಿಡಂಬನೆಯನ್ನು ಕಟ್ಟಿದವನು ಕಾದಂಬರಿಕಾರ. ಬಾರ್ಬೆಲಿಯನ್ನನ ದಿನಚರಿಯಲ್ಲಿ ಅದನ್ನು ಯಾರೂ ಕಟ್ಟಲಿಲ್ಲ. ಅವನು ಆ ದಿನ ಆ ಸಾಲು ಬರೆಯುವಾಗ ಅವನ ವೈದ್ಯರಿಗೆ ಗೊತ್ತಿತ್ತು, ಆಮೇಲೆ ಹೆಂಡತಿಗೂ ಗೊತ್ತಿತ್ತು, ಈಗ ನಮಗೂ ಗೊತ್ತು. ಲೇಖನಿ ಹಿಡಿದವನಿಗೆ ಮಾತ್ರ ಗೊತ್ತಿಲ್ಲ. ದಿನಚರಿ ಎಂಬ ಪ್ರಕಾರದ ಶಕ್ತಿ ಇಲ್ಲಿದೆ. ಮಂಗಳವಾರ ಬರೆದದ್ದಕ್ಕೆ ಬುಧವಾರದ ತಿಳಿವಳಿಕೆ ಇಲ್ಲ. ಆತ್ಮಕಥೆಗೆ ಈ ಅಜ್ಞಾನ ಸಾಧ್ಯವಿಲ್ಲ. ಕ್ಯಾಹಲನ್ ಎಷ್ಟೇ ಪ್ರಾಮಾಣಿಕಳಾದರೂ ಬುಧವಾರದಲ್ಲಿ ಕುಳಿತು ಮಂಗಳವಾರವನ್ನು ಬರೆಯುತ್ತಾಳೆ. ಹೆಸರಿಲ್ಲದ ಬೇನೆಯಲ್ಲಿ ಬದುಕುವವರೆಲ್ಲ ಮಂಗಳವಾರದಲ್ಲೇ ಬದುಕುತ್ತಾರೆ. ಬಾರ್ಬೆಲಿಯನ್ ಮಾಡಿದ ಒಂದೇ ಕಳ್ಳತನವೆಂದರೆ ಪುಸ್ತಕದ ಕೊನೆಗೆ, ಲೇಖಕ ೧೯೧೭ರ ಡಿಸೆಂಬರ್ ೩೧ರಂದು ತೀರಿಕೊಂಡನೆಂದು ಸುಳ್ಳು ಟಿಪ್ಪಣಿ ಸೇರಿಸಿದ್ದು. ಪುಸ್ತಕ ಹೊರಬಂದಾಗ ಆತ ಬದುಕಿದ್ದ, ವಿಮರ್ಶೆಗಳನ್ನೂ ಓದಿದ. ತೀರಿಕೊಂಡದ್ದು ೧೯೧೯ರ ಅಕ್ಟೋಬರಿನಲ್ಲಿ. ತನ್ನ ಕಥೆಗೆ ಒಂದು ಕೊನೆ ಬೇಕೆಂಬ ಆಸೆ ಅವನನ್ನೂ ಬಿಡಲಿಲ್ಲವೆಂದು ಕಾಣುತ್ತದೆ. ಇದನ್ನು ದೋಷವೆಂದು ಎಣಿಸಲು ನನಗೆ ಮನಸ್ಸಿಲ್ಲ.

ಇಲ್ಲಿ ಒಂದು ತಪ್ಪೊಪ್ಪಿಗೆ ಬಾಕಿಯಿದೆ. ಲಕೋಟೆಯ ಪ್ರಸಂಗವನ್ನು ಓದಿದ ದಿನ ನನಗೊಂದು ಹಳೆಯ ಸಂಗತಿ ನೆನಪಾಯಿತು. ಬೆಂಗಳೂರಿನಲ್ಲಿ ಒಬ್ಬ ದೊಡ್ಡ ತಜ್ಞರು ನನ್ನನ್ನು ಪರೀಕ್ಷಿಸಿದ ಮೇಲೆ, "ನೀವು ಸ್ವಲ್ಪ ಹೊರಗೆ ಕೂತಿರಿ ಅಮ್ಮ" ಎಂದು ನನ್ನನ್ನು ಕಳುಹಿಸಿ ನಮ್ಮ ಯಜಮಾನರನ್ನು ಒಳಗೆ ಇರಿಸಿಕೊಂಡಿದ್ದರು. ಕಾಯಿಲೆ ನನ್ನದು, ಮಾತು ಅವರೊಡನೆ. ನಮ್ಮ ಕಡೆ ಇದು ಇಂದಿಗೂ ಸಾಮಾನ್ಯವಾದ ರೀತಿ. ಆಗ ನಾನೂ ಅದನ್ನು ಹೆಚ್ಚಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಮೈಸೂರಿಗೆ ಮರಳುವ ರೈಲಿನಲ್ಲಿ ಏನಂದರೆಂದು ಕೇಳಿದ್ದಕ್ಕೆ, "ಏನಿಲ್ಲ, ಟೆನ್ಷನ್ ಮಾಡ್ಕೋತಾರೆ, ಸ್ವಲ್ಪ ನೋಡ್ಕೊಳ್ಳಿ ಅಂದ್ರು" ಎಂದಿದ್ದರು. ಬಾರ್ಬೆಲಿಯನ್ನನನ್ನು ಓದಿದ ರಾತ್ರಿ ಆ ಮಾತು ಬೇರೆಯಾಗಿ ಕೇಳಿಸಿತು. ಮಾರನೆಯ ದಿನ ಅವರು ಕಚೇರಿಗೆ ಹೋದ ಮೇಲೆ ನಾನು ಅವರ ಬೀರುವನ್ನು ಹುಡುಕಿದೆ. ಮದುವೆಯಾಗಿ ಹತ್ತೊಂಬತ್ತು ವರ್ಷಗಳಲ್ಲಿ ಮೊದಲ ಸಲ ಅವರ ಕೋಟಿನ ಜೇಬಿಗೆ ಕೈಹಾಕಿದೆ. ಮರವಿರುವ ಕೈಯೇ ಹೋಯಿತು. ಕಾಗದವಿದೆಯೋ ಇಲ್ಲವೋ ಅದಕ್ಕೆ ತಿಳಿಯದೆ ಎಡಗೈಯನ್ನು ಹಾಕಬೇಕಾಯಿತು. ಏನೂ ಇರಲಿಲ್ಲ.

ಸಂಜೆ ನೇರವಾಗಿ ಕೇಳಿಬಿಟ್ಟೆ: "ನನ್ನಿಂದ ಏನಾದರೂ ಮುಚ್ಚಿಟ್ಟಿದ್ದೀರಾ?" ಅವರು ಮಾತಾಡಲಿಲ್ಲ. ಸೀರೆ ಅಂಗಡಿಯ ಚೀಲದಲ್ಲಿ ಇಟ್ಟಿರುವ ಫೈಲನ್ನು ತಂದು, ಊಟದ ಮೇಜಿನ ಮೇಲೆ ಹರಡಿ, ಎರಡು ವರ್ಷದ ಒಂದೊಂದು ಹಾಳೆಯನ್ನೂ ಮೊದಲಿನಿಂದ ಗಟ್ಟಿಯಾಗಿ ಓದಿದರು. ಮುಗಿಯುವಾಗ ಹನ್ನೊಂದಾಗಿತ್ತು. ಕೊನೆಯ ಹಾಳೆ ಮಡಿಸುತ್ತ, "ಮುಚ್ಚಿಡೋದಕ್ಕಾದರೂ ಏನಾದರೂ ಇರಬೇಕಲ್ಲ ಕಣೇ" ಎಂದರು. ಅಷ್ಟು ಆಯಾಸವಾಗಿದ್ದುದನ್ನು ಅವರ ಮುಖದಲ್ಲಿ ನಾನು ಮೊದಲು ನೋಡಿರಲಿಲ್ಲ.

ಒಂದು ಕೃತಿ ಓದುಗನ ಮೇಲೆ ಪರಿಣಾಮ ಮಾಡಬೇಕು ಎಂದು ನಾವು ವಿಮರ್ಶೆಯಲ್ಲಿ ಸುಲಭವಾಗಿ ಬರೆಯುತ್ತೇವೆ. ನೂರು ವರ್ಷ ಹಿಂದೆ ಸತ್ತ ಇಂಗ್ಲಿಷಿನವನೊಬ್ಬ ನಮ್ಮ ಮನೆಯ ಬೀರುವಿನ ಬಾಗಿಲು ತೆಗೆಸಿದ್ದನ್ನು ಯಾವ ಪರಿಣಾಮವೆಂದು ಕರೆಯಬೇಕೋ ನಾನರಿಯೆ. ಕ್ಯಾಹಲನ್ ನನಗೆ ಆಸೆ ಕೊಟ್ಟಳು, ಹುಸ್ಟ್ವೆಟ್ ತಿಳಿವಳಿಕೆ ಕೊಟ್ಟಳು. ಬಾರ್ಬೆಲಿಯನ್ ಕೊಟ್ಟದ್ದು ಅನುಮಾನ. ಆದರೂ ಮತ್ತೆ ಓದುವುದಾದರೆ ಅವನನ್ನೇ ಓದುತ್ತೇನೆ.

ಈಚೆಗೆ ನಾನು ಹೋಗುತ್ತಿರುವ ವೈದ್ಯರು ಚಿಕ್ಕ ವಯಸ್ಸಿನವರು. ಲಕ್ಷಣಗಳನ್ನು ದಿನವೂ ಬರೆದಿಟ್ಟುಕೊಂಡು ಬನ್ನಿ ಎಂದರು. ಬರೆದುಕೊಂಡು ಹೋದೆ, ಕನ್ನಡದಲ್ಲಿ ಹದಿನಾಲ್ಕು ಪುಟ. ಅವರು ಮುಗುಳ್ನಕ್ಕು, ಇಂಗ್ಲಿಷಿನಲ್ಲಿ ಒಂದು ಪುಟ ಸಾಕಾಗಿತ್ತು ಮೇಡಂ ಎಂದರು. ಆದರೆ ಹಾಳೆಗಳನ್ನು ಹಿಂದಕ್ಕೆ ಕೊಡಲಿಲ್ಲ, ಜೋಮಿಗೂ ಮರಗಟ್ಟುವುದಕ್ಕೂ ಏನು ವ್ಯತ್ಯಾಸವೆಂದು ಕೇಳಿದರು. ಹೇಳಿದೆ. ಅವರು ಬರೆದುಕೊಂಡರು. ಮುಂದಿನ ತಿಂಗಳು ಮತ್ತೆ ಬರಹೇಳಿದ್ದಾರೆ. ಕಾಯುವ ಹೊತ್ತಿಗೆಂದು ಬಾರ್ಬೆಲಿಯನ್ನನ ಕೊನೆಯ ದಿನಚರಿಯನ್ನು, ಆತ ತೀರಿಕೊಂಡ ಮೇಲೆ ೧೯೨೦ರಲ್ಲಿ ಪ್ರಕಟವಾದದ್ದನ್ನು, ಫೈಲಿನ ಜೊತೆಗೆ ಅದೇ ಚೀಲದಲ್ಲಿ ಇಟ್ಟಿದ್ದೇನೆ. ಇನ್ನೂ ತೆರೆದಿಲ್ಲ.